ಕುತ್ತಿಗೆಯ ಗಂಟು, ಕಡಲಿನ ಪಾಚಿ: ಚೀನೀ ವೈದ್ಯರು ಕಂಡ ಗ್ರಂಥಿಗಳು

ಚೀನಾದ ಪಾರಂಪರಿಕ ವೈದ್ಯಪದ್ಧತಿಯ ಹಳೆಯ ಗ್ರಂಥಗಳಲ್ಲಿ ಹಾರ್ಮೋನು ಸುರಿಸುವ ಗ್ರಂಥಿ ಎಂಬ ಕಲ್ಪನೆ ಇಲ್ಲ. ಕರುಳು ರಕ್ತಕ್ಕೆ ಬಿಡುವ ರಸವೊಂದು ದೂರದ ಮೇದೋಜೀರಕಾಂಗವನ್ನು ಕೆಲಸಕ್ಕೆ ಹಚ್ಚುತ್ತದೆಂದು ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ತೋರಿಸಿದ್ದು 1902ರಲ್ಲಿ. ಅಂಥ ರಸಗಳಿಗೆ 'ಹಾರ್ಮೋನ್' ಎಂಬ ಹೆಸರು ಬಂದದ್ದು 1905ರಲ್ಲಿ. ಕಾಯಿಲೆಗಳು ಮಾತ್ರ ಮೊದಲಿನಿಂದಲೂ ಇದ್ದವು: ಊದಿದ ಕುತ್ತಿಗೆ, ಎಷ್ಟು ಕುಡಿದರೂ ತೀರದ ದಾಹ, ನಿಂತುಹೋದ ಮುಟ್ಟು, ವಯಸ್ಸಿಗೆ ತಕ್ಕಂತೆ ಬೆಳೆಯದ ಮಗು, ಬೇಸಿಗೆಯಲ್ಲೂ ತಣ್ಣಗಿರುವ ಕೈಕಾಲು. ಚೀನೀ ವೈದ್ಯರು ಇವನ್ನು ಎರಡು ಸಾವಿರ ವರ್ಷಗಳಿಂದ ನೋಡಿ ಬರೆದಿಟ್ಟಿದ್ದಾರೆ, ಮದ್ದು ಕೊಟ್ಟು ಫಲವನ್ನೂ ಗಮನಿಸಿದ್ದಾರೆ. ಅವರು ಕಂಡದ್ದು ಬೇರೆ, ಕಂಡದ್ದಕ್ಕೆ ಕೊಟ್ಟ ಕಾರಣ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಒಂದೋ ಹಳೆಯದೆಲ್ಲ ಸತ್ಯವೆನಿಸುತ್ತದೆ, ಇಲ್ಲವೇ ಹಳೆಯದೆಲ್ಲ ಮೌಢ್ಯವೆನಿಸುತ್ತದೆ. ಎರಡೂ ತಪ್ಪು.

ಆ ಪದ್ಧತಿಯಲ್ಲಿ ಇಂದು ಗ್ರಂಥಿಗಳಿಗೆ ಸೇರಿದ ಕೆಲಸಗಳ ಬಹುಪಾಲು 'ಮೂತ್ರಪಿಂಡ'ದ ಲೆಕ್ಕಕ್ಕೆ ಬರುತ್ತದೆ. ಈ ಮೂತ್ರಪಿಂಡವೆಂದರೆ ಮೂತ್ರ ಸೋಸುವ ಅಂಗವಷ್ಟೇ ಅಲ್ಲ. ತಂದೆತಾಯಿಯಿಂದ ಬಂದ 'ಜಿಂಗ್' ಎಂಬ ಸಾರವನ್ನು ಕಾಪಿಡುವ ಉಗ್ರಾಣ ಅದು. ಮೂಳೆ, ಹಲ್ಲು, ಕೂದಲು, ಕಿವಿ, ಸಂತಾನಶಕ್ತಿ ಎಲ್ಲವೂ ಆ ಸಾರದ ಅಧೀನ. ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ರೂಪುಗೊಂಡ 'ಹುವಾಂಗ್‌ಡಿ ನೇಜಿಂಗ್' ಗ್ರಂಥದ ಮೊದಲ ಅಧ್ಯಾಯದಲ್ಲೇ ಈ ಲೆಕ್ಕ ಸಿಗುತ್ತದೆ. ಹೆಣ್ಣಿನ ಬದುಕು ಏಳೇಳು ವರ್ಷದ ಹೆಜ್ಜೆಗಳಲ್ಲಿ, ಗಂಡಿನದು ಎಂಟೆಂಟು ವರ್ಷದ ಹೆಜ್ಜೆಗಳಲ್ಲಿ ಸಾಗುತ್ತದೆ. ಹುಡುಗಿಗೆ ಏಳಕ್ಕೆ ಹಾಲುಹಲ್ಲು ಬಿದ್ದು ಹೊಸ ಹಲ್ಲು. ಹದಿನಾಲ್ಕಕ್ಕೆ 'ಟಿಯನ್ ಗುಯಿ' ಎಂಬುದು ಬಂದು ಮುಟ್ಟು ಶುರು. ನಲವತ್ತೊಂಬತ್ತಕ್ಕೆ ಅದು ಬತ್ತಿ ಮುಟ್ಟು ನಿಲ್ಲುತ್ತದೆ. ಹುಡುಗನಿಗೆ ಟಿಯನ್ ಗುಯಿ ಬರುವುದು ಹದಿನಾರಕ್ಕೆ. ಒಂದು ವಯಸ್ಸಿಗೆ ಮೈಗೆ ಬಂದು, ಮೈಯನ್ನು ಸಂತಾನಕ್ಕೆ ಅಣಿಗೊಳಿಸಿ, ಇನ್ನೊಂದು ವಯಸ್ಸಿಗೆ ಹಿಂದೆ ಸರಿಯುವ ಈ ವಸ್ತುವನ್ನು ಲೈಂಗಿಕ ಹಾರ್ಮೋನುಗಳಿಗೆ ಹೋಲಿಸುವ ಚೀನೀ ವೈದ್ಯರು ಇಂದು ಅನೇಕರಿದ್ದಾರೆ. ಹೋಲಿಕೆ ಆಕರ್ಷಕವಾದದ್ದೇ. ಆದರೆ ಗ್ರಂಥಕಾರರ ಕಣ್ಣಿಗೆ ಬಿದ್ದದ್ದು ವಸ್ತುವಲ್ಲ, ವಯಸ್ಸಿನ ಲಯ. ಆ ಲಯವನ್ನು ಅವರು ಸರಿಯಾಗಿಯೇ ಹಿಡಿದಿದ್ದರು.

ಈ ಸಾರದ ಸಿದ್ಧಾಂತದಿಂದ ಬಂದ ಮದ್ದುಗಳು ಇಂದಿಗೂ ಬಳಕೆಯಲ್ಲಿವೆ. ಮೂರನೆಯ ಶತಮಾನದ ಆರಂಭದ ವೈದ್ಯ ಜಾಂಗ್ ಜೊಂಗ್‌ಜಿಂಗ್ 'ಷೆನ್ ಚಿ' ಎಂಬ ಎಂಟು ಮೂಲಿಕೆಗಳ ಗುಳಿಗೆ ಹೇಳಿದ. ಸುಮಾರು ಒಂಬೈನೂರು ವರ್ಷಗಳ ಬಳಿಕ, ಸಾಂಗ್ ಅರಸರ ಕಾಲದ ಮಕ್ಕಳ ವೈದ್ಯ ಚಿಯನ್ ಯಿ ಅದರಿಂದ ಉಷ್ಣವೆನಿಸಿದ ಎರಡನ್ನು, ದಾಲ್ಚಿನ್ನಿ ಮತ್ತು ವತ್ಸನಾಭಿಯ ಜಾತಿಯ ಬೇರನ್ನು, ತೆಗೆದುಹಾಕಿ ಆರು ಮೂಲಿಕೆಗಳ ಗುಳಿಗೆ ಮಾಡಿದ. ನೆತ್ತಿಯ ಮೆದುಭಾಗ ಬೇಗ ಕೂಡದ, ಬೆಳವಣಿಗೆ ಹಿಂದುಳಿದ ಮಕ್ಕಳಿಗಾಗಿ ಆತ ಅದನ್ನು ಕೊಡುತ್ತಿದ್ದ. ಇಲ್ಲೊಂದು ಮಾತು ಹೇಳಲೇಬೇಕು. ನೆತ್ತಿ ತಡವಾಗಿ ಕೂಡುವುದಕ್ಕೆ ಹುಟ್ಟಿನಿಂದಲೇ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಕೊರತೆಯಿರುವುದೂ ಒಂದು ಕಾರಣ. ಆ ಮಗುವಿನ ಮಿದುಳಿಗೆ ಆ ಗ್ರಂಥಿಯ ಹಾರ್ಮೋನಾದ ಥೈರಾಕ್ಸಿನ್ ಸಿಗಬೇಕಾದದ್ದು ಹುಟ್ಟಿದ ಮೊದಲ ವಾರಗಳಲ್ಲೇ. ತಡವಾದರೆ ಆದ ಹಾನಿ ಪೂರ್ತಿ ತುಂಬದು. ನೆತ್ತಿ ಕೂಡುತ್ತಿಲ್ಲವೆಂದು ತಿಳಿಯುವ ಹೊತ್ತಿಗೆ ಆ ವಾರಗಳು ಕಳೆದುಹೋಗಿರುತ್ತವೆ. ನವಜಾತ ಶಿಶುವಿನ ಹಿಮ್ಮಡಿ ಚುಚ್ಚಿ ತೆಗೆಯುವ ಒಂದು ಹನಿ ರಕ್ತ ಮಾಡುವ ಕೆಲಸವನ್ನು ಎಷ್ಟೇ ನುರಿತ ಕಣ್ಣೂ ಮಾಡಲಾರದು.

ಚೀನೀ ವೈದ್ಯರ ಕಣ್ಣು ನಿಜಕ್ಕೂ ಒಂದು ಗ್ರಂಥಿಯ ಮೇಲೆ ಬಿದ್ದದ್ದು ಕುತ್ತಿಗೆಯ ವಿಷಯದಲ್ಲಿ. ನಮ್ಮ ಆಯುರ್ವೇದ ಗಳಗಂಡ ಎನ್ನುವುದನ್ನು ಚೀನೀಯರು 'ಯಿಂಗ್' ಎಂದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ 'ಲ್ಯೂಷಿ ಚುನ್‌ಚಿಯು' ಎಂಬ ಸಂಕಲನ ಗ್ರಂಥದಲ್ಲಿ, ನೀರು ಹಗುರವಾಗಿರುವ ಕಡೆ ಬೋಳುತಲೆಯವರೂ ಕುತ್ತಿಗೆ ಊದಿದವರೂ ಹೆಚ್ಚು ಎಂಬ ಮಾತಿದೆ. 610ರಲ್ಲಿ ರೋಗಕಾರಣಗಳ ದೊಡ್ಡ ಗ್ರಂಥ ರಚಿಸಿದ ಚಾವೊ ಯುವಾನ್‌ಫಾಂಗ್ ಇದನ್ನು ಇನ್ನಷ್ಟು ಬಿಡಿಸಿದ. ಬೆಟ್ಟಗಳ ಕಪ್ಪು ಮಣ್ಣಿನಿಂದ ಚಿಮ್ಮುವ ಒರತೆಯ ಬಳಿ ಬಹುಕಾಲ ನೆಲೆಸಬಾರದು, ಆ ನೀರನ್ನೇ ಕುಡಿಯುತ್ತಿದ್ದರೆ ಯಿಂಗ್ ಬರುತ್ತದೆ ಎಂದ. ಜೊತೆಗೇ ದುಃಖ ಮತ್ತು ಕೋಪದಿಂದ 'ಚಿ' ಎಂಬ ಪ್ರಾಣಶಕ್ತಿ ಗಂಟಲಲ್ಲಿ ಗಂಟುಕಟ್ಟುತ್ತದೆ ಎಂದೂ ಸೇರಿಸಿದ. ಎರಡನೆಯದು ಸಿದ್ಧಾಂತ. ಮೊದಲನೆಯದು ಅಪ್ಪಟ ಭೂಗೋಳ. ಮಳೆ ಮತ್ತು ಹಿಮ ಬೆಟ್ಟದ ಮಣ್ಣಿನ ಅಯೋಡಿನ್ನನ್ನು ಸಾವಿರಾರು ವರ್ಷ ತೊಳೆದು ಕಡಲಿಗೆ ಒಯ್ದಿರುತ್ತವೆ. ಆ ಮಣ್ಣಿನ ಬೆಳೆಯಲ್ಲೂ ಒರತೆಯಲ್ಲೂ ಅದು ತೀರ ಕಡಿಮೆ. ಅಯೋಡಿನ್ ಇಲ್ಲದೆ ಥೈರಾಯ್ಡ್ ತನ್ನ ಹಾರ್ಮೋನನ್ನು ಕಟ್ಟಲಾರದು. ರಕ್ತದಲ್ಲಿ ಹಾರ್ಮೋನ್ ಇಳಿದದ್ದನ್ನು ಗುರುತಿಸಿದ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ, ಟಿಎಸ್‌ಎಚ್ ಎಂಬ ಪ್ರಚೋದಕವನ್ನು ಹೆಚ್ಚು ಹೆಚ್ಚು ಕಳಿಸುತ್ತದೆ. ಆ ಒತ್ತಾಯಕ್ಕೆ ಗ್ರಂಥಿ ಬೆಳೆಯುತ್ತ ಹೋಗುತ್ತದೆ. ಕುತ್ತಿಗೆಯ ಗಂಟು ಎಂದರೆ ಕಚ್ಚಾವಸ್ತುವಿಲ್ಲದೆಯೂ ದುಡಿಯಲು ಹೆಣಗುತ್ತಿರುವ ಗ್ರಂಥಿ.

ತೊಳೆದುಹೋದ ಅಯೋಡಿನ್ ಸೇರಿದ್ದು ಕಡಲಿಗೆ, ಮದ್ದು ಬಂದದ್ದೂ ಕಡಲಿನಿಂದಲೇ. ನಾಲ್ಕನೆಯ ಶತಮಾನದ ಗೆ ಹಾಂಗ್ ಬರೆದ 'ಝೌಹೌ ಬೇಜಿ ಫಾಂಗ್' ಗ್ರಂಥದ ಹೆಸರಿನ ತಾತ್ಪರ್ಯ, ತುರ್ತಿಗೆಂದು ಅಂಗಿಯ ತೋಳಿನಲ್ಲಿ ಇಟ್ಟುಕೊಳ್ಳುವ ಮದ್ದುಗಳು. ಅದರಲ್ಲಿ ಯಿಂಗ್‌ಗೆ ಹೇಳಿದ ಮದ್ದು ಹೀಗಿದೆ. ಕಡಲಪಾಚಿ ಒಂದು ಜಿನ್, ಅಂದರೆ ಕಾಲು ಕಿಲೋಗೆ ತುಸು ಕಡಿಮೆ. ಅದರ ಉಪ್ಪು ತೊಳೆಯಬೇಕು. ರೇಷ್ಮೆ ಚೀಲದಲ್ಲಿ ತುಂಬಿ ಎರಡು ಷೆಂಗ್ (ದ್ರವದ ಅಳತೆ) ತಿಳಿ ಮದ್ಯದಲ್ಲಿ ನೆನೆಹಾಕಬೇಕು. ವಸಂತ ಮತ್ತು ಬೇಸಿಗೆಯಾದರೆ ಎರಡು ದಿನ ಸಾಕು. ಆಮೇಲೆ ದಿನಕ್ಕೆ ಮೂರು ಸಲ, ಬಾಯಲ್ಲಿ ಹಿಡಿದು ನಿಧಾನವಾಗಿ ನುಂಗುತ್ತ ಕುಡಿಯಬೇಕು. ಮದ್ಯ ಮುಗಿದರೆ ಅದೇ ಪಾಚಿಗೆ ಮತ್ತೆ ಎರಡು ಷೆಂಗ್ ಹಾಕಬೇಕು. ಕೊನೆಗೆ ಉಳಿದ ಚರಟವನ್ನೂ ಎಸೆಯುವಂತಿಲ್ಲ. ಬಿಸಿಲಿಗೆ ಒಣಗಿಸಿ, ಪುಡಿಮಾಡಿ, ಚಮಚೆಯಲ್ಲಿ ಅಳೆದು ತಿನ್ನಬೇಕು. ದಿನಕ್ಕಿಷ್ಟು ಒಳಕ್ಕೆ ಹೋಗುವಂತೆ ಮಾಡಿದ ಈ ಏರ್ಪಾಡಿನಲ್ಲಿ ಪಾಚಿಯಲ್ಲಿ ಉಳಿದ ಅಯೋಡಿನ್ ರೋಗಿಗೆ ದಕ್ಕುವಂತಿದೆ. ಇದೇ ಪುಸ್ತಕದಲ್ಲಿ ಚಳಿಜ್ವರಕ್ಕೆ ಹೇಳಿದ ಚಿಂಗ್‌ಹಾವೊ ಗಿಡದ ವಿಧಾನವೇ ಹದಿನಾರು ಶತಮಾನಗಳ ನಂತರ ತು ಯೂಯೂ ಅವರನ್ನು ಮಲೇರಿಯಾದ ಮದ್ದಾದ ಆರ್ಟೆಮಿಸಿನಿನ್ ಕಡೆಗೆ, ಮುಂದೆ 2015ರ ನೊಬೆಲ್ ಪ್ರಶಸ್ತಿಯ ಕಡೆಗೆ ಒಯ್ದಿತು.

ಗಳಗಂಡಕ್ಕೆ ಪಾಚಿ ಹಿಡಿಸುವ ಕಾರಣ ಯುರೋಪಿನಲ್ಲಿ ತಿಳಿದದ್ದು ತೀರ ತಡವಾಗಿ. ಫ್ರಾನ್ಸಿನ ಬೆರ್ನಾರ್ ಕೂರ್ತುವಾ ಕಡಲಪಾಚಿಯ ಬೂದಿಯಲ್ಲಿ ಅಯೋಡಿನ್ ಕಂಡದ್ದು 1811ರಲ್ಲಿ. ಜಿನೀವಾದ ವೈದ್ಯ ಕ್ವಾಂದೆ ಅದನ್ನು ಗಳಗಂಡಕ್ಕೆ ಕೊಟ್ಟದ್ದು 1820ರಲ್ಲಿ. ಥೈರಾಯ್ಡ್ ಗ್ರಂಥಿಯೊಳಗೇ ಅಯೋಡಿನ್ ಇದೆಯೆಂದು ಬೌಮನ್ ಕಂಡುಕೊಂಡದ್ದು 1895ರಲ್ಲಿ.

ತಾಂಗ್ ಅರಸರ ಕಾಲದ ವೈದ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಏಳನೆಯ ಶತಮಾನದ ವೈದ್ಯ ಸುನ್ ಸಿಮಿಯಾವೊನ ಗ್ರಂಥದಲ್ಲೂ, 752ರಲ್ಲಿ ವಾಂಗ್ ತಾವೊ ಸಂಕಲಿಸಿದ 'ವೈತಾಯ್ ಮಿಯಾವೊ' ಗ್ರಂಥದಲ್ಲೂ ಗಳಗಂಡಕ್ಕೆ ಪ್ರಾಣಿಯ ಕುತ್ತಿಗೆಯ ಗ್ರಂಥಿಯನ್ನೇ ಮದ್ದಾಗಿ ಹೇಳಿದೆ. ಒಂದು ವಿಧಾನದಲ್ಲಿ ಕುರಿಯ ಗ್ರಂಥಿಯನ್ನು ಕೊಬ್ಬು ಬಿಡಿಸಿ ಹಸಿಯಾಗಿಯೇ ಬಾಯಲ್ಲಿಟ್ಟು ರಸ ಹೀರಿ, ರಸ ಮುಗಿದ ಮೇಲೆ ಉಗಿಯಬೇಕು, ದಿನಕ್ಕೊಂದರಂತೆ. ಹತ್ತಾರು ಗ್ರಂಥಿಗಳನ್ನು ಒಣಗಿಸಿ ಎಲಚಿ ಹಣ್ಣಿನ ತಿರುಳಿನೊಂದಿಗೆ ಗುಳಿಗೆ ಕಟ್ಟುವ ಕ್ರಮವೂ ಇತ್ತು. 1596ರಲ್ಲಿ ಅಚ್ಚಾದ ಲಿ ಷಿಜೆನ್ ಅವರ ಬೃಹತ್ ಔಷಧಕೋಶದಲ್ಲಿ ಹಂದಿಯ ಈ ಗ್ರಂಥಿಯ ಗುರುತು ಕಟುಕನಿಗೂ ತಪ್ಪದಂತೆ ಇದೆ: ಗಂಟಲ ನಾಳದ ಕೆಳಗೆ, ಎಲಚಿ ಹಣ್ಣಿನ ಗಾತ್ರದ ಒಂದು ಮಾಂಸದ ಮುದ್ದೆ, ತುಸು ಚಪ್ಪಟೆ, ಬಣ್ಣ ಕೆಂಪು. ಇಂಥ ಗ್ರಂಥಿಯಲ್ಲಿ ಸಿದ್ಧವಾದ ಥೈರಾಕ್ಸಿನ್ ಇರುತ್ತದೆ. ಅದು ಜಠರದಲ್ಲಿ ಹಾಳಾಗದೆ ರಕ್ತ ಸೇರುತ್ತದೆ. ಪಿಟ್ಯುಟರಿಯ ಒತ್ತಾಯ ತಗ್ಗಿ ಗಂಟು ಕುಗ್ಗುತ್ತದೆ. ಪ್ರಾಣಿಯ ಯಾವ ಅಂಗ ತಿಂದರೆ ಮನುಷ್ಯನ ಅದೇ ಅಂಗಕ್ಕೆ ಬಲ ಎಂಬ ನಂಬಿಕೆಯಿಂದಲೇ ಈ ಪ್ರಯತ್ನ ಶುರುವಾಗಿರಬಹುದು. ಆ ನಂಬಿಕೆ ಬಹುತೇಕ ಅಂಗಗಳಲ್ಲಿ ಸುಳ್ಳು. ಇನ್ಸುಲಿನ್‌ನಂಥ ಹಾರ್ಮೋನು ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ. ಬಾಯಿಂದ ತಿಂದು ಫಲ ಕೊಡುವ ಕೆಲವೇ ಗ್ರಂಥಿಗಳಲ್ಲಿ ಥೈರಾಯ್ಡ್ ಒಂದು, ಚೀನೀ ವೈದ್ಯರು ಹಿಡಿದದ್ದು ಅದನ್ನೇ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರೆ ಥೈರಾಯ್ಡ್ ಕೊರತೆಯ ಮಹಿಳೆಯೊಬ್ಬಳಿಗೆ ಕುರಿಯ ಗ್ರಂಥಿಯ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟದ್ದು 1891ರಲ್ಲಿ. ಆಕೆ ಅದೇ ಮದ್ದಿನ ಮೇಲೆ ಮತ್ತೆ 28 ವರ್ಷ ಬದುಕಿದಳು.

ಹಳೆಯ ಮದ್ದಿನ ಮಿತಿಯೂ ಇಲ್ಲೇ ಇದೆ. ಯಿಂಗ್ ಎಂಬ ಒಂದೇ ಹೆಸರಿನಡಿ ಅಯೋಡಿನ್ ಕೊರತೆಯ ಊತ, ಅತಿಯಾಗಿ ಹಾರ್ಮೋನ್ ಸುರಿಸುವ ಗ್ರಂಥಿ, ಕ್ಯಾನ್ಸರ್ ಎಲ್ಲವೂ ಸೇರಿದ್ದವು. ಹನ್ನೆರಡನೆಯ ಶತಮಾನದ ಚೆನ್ ಯಾನ್ ಇವನ್ನು ಮುಟ್ಟಿ ನೋಡಿಯೇ ಐದು ಬಗೆ ಮಾಡಿದ. ಗಟ್ಟಿಯಾಗಿ, ಅಲುಗಾಡದೆ ಇರುವುದಕ್ಕೆ 'ಕಲ್ಲು ಯಿಂಗ್' ಎಂದ. ಇಂದಿನ ವೈದ್ಯರಿಗೂ ಅಂಥ ಗಂಟು ಕಂಡರೆ ಮೊದಲು ಹುಟ್ಟುವ ಅನುಮಾನ ಕ್ಯಾನ್ಸರಿನದು. ಬೆರಳಿನ ತುದಿಗೆ ಸಿಗುವಷ್ಟು ಸೂಕ್ಷ್ಮವನ್ನು ಆತ ಬಿಟ್ಟಿಲ್ಲ. ಆದರೆ ಮದ್ದು ಮಾತ್ರ ಹಲವಕ್ಕೆ ಅದೇ ಪಾಚಿ. 1617ರಲ್ಲಿ ಚೆನ್ ಷಿಗೊಂಗ್ ಬರೆದ ಶಸ್ತ್ರವೈದ್ಯ ಗ್ರಂಥದ 'ಹಾಯ್‌ಜಾವೊ ಯೂಹೂ' ಕಷಾಯ ಇಂದಿಗೂ ಚೀನಾದಲ್ಲಿ ಬಳಕೆಯಲ್ಲಿದೆ; ಅದರ ಹೆಸರಲ್ಲೇ ಕಡಲಪಾಚಿಯಿದೆ. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ, ಬಸುರಿಗೆ 250. ಕುನ್‌ಬು ಎಂದು ಕರೆಯುವ ದೊಡ್ಡೆಲೆಯ ಕಂದುಪಾಚಿಯ ಒಂದೇ ಗ್ರಾಂ ಒಣ ಪುಡಿಯಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು ಇರಬಲ್ಲದು, ಮತ್ತು ಒಂದು ಕಟ್ಟಿನಿಂದ ಇನ್ನೊಂದಕ್ಕೆ ಆ ಪ್ರಮಾಣ ಬದಲಾಗುತ್ತಲೇ ಇರುತ್ತದೆ. ಗಂಟುಗಂಟಾಗಿ ಬೆಳೆದ ಹಳೆಯ ಗಳಗಂಡಕ್ಕೆ ಇಷ್ಟು ಅಯೋಡಿನ್ ಒಮ್ಮೆಗೇ ಸಿಕ್ಕರೆ ಹಾರ್ಮೋನ್ ಉಕ್ಕಿ, ಎದೆಬಡಿತ ತಪ್ಪಿ ಪ್ರಾಣಕ್ಕೇ ಕುತ್ತು ಬರಬಹುದು. ಗ್ರಂಥಿಯನ್ನು ನಿಧಾನವಾಗಿ ಹಾಳುಮಾಡುವ ಹಾಶಿಮೊಟೊ ಕಾಯಿಲೆಯಲ್ಲಿ ಇದಕ್ಕೆ ವಿರುದ್ಧವಾಗಿ ಗ್ರಂಥಿ ಇನ್ನಷ್ಟು ಕುಸಿಯಬಹುದು. ಇಂದು ನಗರಗಳಲ್ಲಿ ಕಾಣುವ ಥೈರಾಯ್ಡ್ ಕೊರತೆಯ ದೊಡ್ಡ ಪಾಲು ಅಯೋಡಿನ್ ಇಲ್ಲದ್ದರಿಂದ ಬಂದದ್ದಲ್ಲ, ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬಿದ್ದದ್ದರಿಂದ ಬಂದದ್ದು. ಅದಕ್ಕೆ ಪಾಚಿಯ ಪುಡಿ ಮದ್ದಲ್ಲ.

ಊರಿಗೆ ಊರೇ ಗಳಗಂಡದಿಂದ ನರಳುವುದನ್ನು ತಪ್ಪಿಸಿದ್ದು ಪಾಚಿಯ ಕಷಾಯವಲ್ಲ, ಅಳೆದು ಬೆರೆಸಿದ ಉಪ್ಪು. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಆರಂಭಿಸಿದ ಅಧ್ಯಯನ ಇದನ್ನು ಭಾರತಕ್ಕೆ ತೋರಿಸಿಕೊಟ್ಟಿತು. ಚೀನಾ 1995ರಿಂದ ದೇಶದ ಅಡುಗೆ ಉಪ್ಪಿಗೆಲ್ಲ ಅಯೋಡಿನ್ ಸೇರಿಸಲು ಹೊರಟಿತು.

ಎರಡನೆಯ ದೊಡ್ಡ ಕಾಯಿಲೆ 'ಶಿಯಾವೊ ಕೆ', ಅಂದರೆ ಮೈ ಕರಗಿಸುವ ದಾಹ. ಜಾಂಗ್ ಜೊಂಗ್‌ಜಿಂಗ್ ಕಂಡ ರೋಗಿ ಒಂದು ಅಳತೆ ನೀರು ಕುಡಿದರೆ ಒಂದು ಅಳತೆ ಮೂತ್ರ ಹೊಯ್ಯುತ್ತಾನೆ. ಅವನಿಗೆ ಹೇಳಿದ್ದು ಆ ಎಂಟು ಮೂಲಿಕೆಗಳ ಗುಳಿಗೆಯನ್ನೇ. ಏಳನೆಯ ಶತಮಾನದ ಜೆನ್ ಚುವಾನ್ ಈ ರೋಗಿಗಳ ಮೂತ್ರ ಸಿಹಿ ಎಂದು ದಾಖಲಿಸಿದ. ನಮ್ಮ ಚರಕ, ಸುಶ್ರುತರ ಸಂಹಿತೆಗಳು ಮಧುಮೇಹ ಎಂಬ ಹೆಸರಿನಲ್ಲೇ ಅದನ್ನು ಹೇಳಿದ್ದವು. ಸುನ್ ಸಿಮಿಯಾವೊ ಹಾಕಿದ ಪಥ್ಯ ಇಂದು ಓದಿದರೂ ಬೆರಗಾಗುತ್ತದೆ: ಮದ್ಯ ಬೇಡ, ಸಂಭೋಗ ಬೇಡ, ಉಪ್ಪಿನ ಪದಾರ್ಥವೂ ಹಿಟ್ಟಿನ ತಿನಿಸೂ ಬೇಡ. ಕಾಯಿಲೆ ವಾಸಿಯಾದಂತೆ ಕಂಡರೂ ದೊಡ್ಡ ಹುಣ್ಣಿನ ಭಯ ಸದಾ ಇರಲಿ ಎಂದ. ರೋಗ ಹಳೆಯದಾದ ಮೇಲೆ ಸೂಜಿ ಚುಚ್ಚಬಾರದು, ಮೈ ಸುಡುವ ಚಿಕಿತ್ಸೆಯೂ ಕೂಡದು, ಗಾಯ ಮಾಯದೆ ಕೀವಾಗುತ್ತದೆ ಎಂದ. ಸೂಜಿಯನ್ನೇ ನಂಬಿದ ಪದ್ಧತಿಯ ಒಳಗಿನವನು, ಈ ರೋಗಿಯ ಮೇಲೆ ಸೂಜಿ ಬೇಡ ಎನ್ನಬೇಕಾದರೆ ಎಷ್ಟು ಗಾಯಗಳು ಕೊಳೆತದ್ದನ್ನು ನೋಡಿರಬೇಕು!

ಮೇದೋಜೀರಕಾಂಗಕ್ಕೂ ಈ ಕಾಯಿಲೆಗೂ ಸಂಬಂಧವಿದೆ ಎಂಬುದು ಮಾತ್ರ ಅವರಾರಿಗೂ ಹೊಳೆಯಲಿಲ್ಲ. ಮೂಲಿಕೆಯೊಂದು ಕೊಟ್ಟ ಸುಳಿವು ಅವರ ಇತ್ತೀಚಿನ ವಾರಸುದಾರರಿಗೆ ಸಿಕ್ಕಿತು. ಭೇದಿಗೆ ಕೊಡುತ್ತಿದ್ದ ಹುವಾಂಗ್‌ಲಿಯನ್ ಬೇರಿನ ಹಳದಿ ಸತ್ವ ಬರ್ಬರೀನ್, ಸಕ್ಕರೆ ಕಾಯಿಲೆಯವರಲ್ಲಿ ರಕ್ತದ ಸಕ್ಕರೆಯನ್ನೂ ಇಳಿಸುತ್ತದೆಂದು ಚೀನೀ ವೈದ್ಯರು 1980ರ ದಶಕದಲ್ಲಿ ವರದಿ ಮಾಡಿದರು. 2008ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ದಿನಕ್ಕೆ ಮೂರು ಬಾರಿ ಅರ್ಧ ಗ್ರಾಂನಂತೆ ಮೂರು ತಿಂಗಳು ಕೊಟ್ಟಾಗ ಅದರ ಫಲ ಸಕ್ಕರೆ ಕಾಯಿಲೆಯ ಸಾಮಾನ್ಯ ಮಾತ್ರೆ ಮೆಟ್‌ಫಾರ್ಮಿನ್‌ಗೆ ಸರಿಗಟ್ಟಿತ್ತು. ರೋಗಿಗಳು ಕೆಲವೇ ಮಂದಿ. ದೀರ್ಘಕಾಲದ ಸುರಕ್ಷತೆಗೆ ಅದು ಸಾಕ್ಷಿಯಲ್ಲ. ಪಶ್ಚಿಮಘಟ್ಟದ ಮರದರಿಶಿನದಲ್ಲೂ ಇದೇ ಬರ್ಬರೀನ್ ಇದೆ.

ಮೂತ್ರಪಿಂಡದ ಸಿದ್ಧಾಂತವನ್ನು ಪ್ರಯೋಗಶಾಲೆಗೆ ಒಯ್ದವರು ಶಾಂಘಾಯ್‌ನ ಷೆನ್ ಜಿಯಿನ್. 1950ರ ದಶಕದ ಕೊನೆಯಲ್ಲಿ ಅವರ ತಂಡದ ಗಮನಕ್ಕೆ ಒಂದು ಸಂಗತಿ ಬಂತು: ಆರು ಬೇರೆ ಬೇರೆ ಕಾಯಿಲೆಯವರಲ್ಲಿ, ನಾಡಿ ಮತ್ತು ನಾಲಗೆ ನೋಡುವ ವೈದ್ಯರು 'ಮೂತ್ರಪಿಂಡದ ಯಾಂಗ್ ಕೊರತೆ', ಅಂದರೆ ಬಿಸಿ ಕೊಡುವ ಶಕ್ತಿಯ ಕೊರತೆ, ಎಂದು ಗುರುತಿಸಿದವರಿಗೆ ಒಂದೇ ಬಗೆಯ ಮದ್ದು ಹಿಡಿಸುತ್ತಿತ್ತು. ಒಂದೇ ರೋಗಕ್ಕೆ ಬೇರೆ ಮದ್ದು, ಬೇರೆ ರೋಗಕ್ಕೆ ಒಂದೇ ಮದ್ದು ಎಂಬುದು ಆ ಪದ್ಧತಿಯ ಹಳೆಯ ಸೂತ್ರ. ಹಾಗಾದರೆ ಈ ರೋಗಿಗಳಲ್ಲಿ ಸಮಾನವಾದದ್ದು ಏನು? ಇಡೀ ದಿನದ ಮೂತ್ರ ಸಂಗ್ರಹಿಸಿ ಅಳೆದಾಗ ಅಡ್ರಿನಲ್ ಗ್ರಂಥಿಯ ಕಾರ್ಟಿಸೋಲ್‌ನಿಂದ ಬರುವ ಸ್ಟೀರಾಯ್ಡ್ ಶೇಷ ಅವರಲ್ಲಿ ಕಡಿಮೆ ಕಂಡಿತು. ಮೂತ್ರಪಿಂಡದ ನೆತ್ತಿಯ ಮೇಲೇ ಕೂತ ಗ್ರಂಥಿ ಅದು. ಷೆನ್ ಇದನ್ನು ಪಿಟ್ಯುಟರಿ ಮತ್ತು ಮಿದುಳಿನ ಹೈಪೋಥಲಮಸ್‌ವರೆಗೆ ಬೆನ್ನಟ್ಟಿದರು. ಪ್ರಶ್ನೆ ಕೇಳಿದ ರೀತಿ ಗೌರವಕ್ಕೆ ಅರ್ಹವಾದದ್ದು. ಆದರೆ ಬಳಲಿಕೆ, ಚಳಿ, ಸೊಂಟನೋವು ನೋಡಿ ಮಾಡುವ ಈ ಗುರುತು ವೈದ್ಯನಿಂದ ವೈದ್ಯನಿಗೆ ಬದಲಾಗುತ್ತದೆ, ದೀರ್ಘ ಕಾಯಿಲೆಯಲ್ಲಿ ಆ ಸ್ಟೀರಾಯ್ಡ್ ಬೇರೆ ಕಾರಣಗಳಿಂದಲೂ ಇಳಿಯುತ್ತದೆ. ಮೂತ್ರಪಿಂಡದ ಯಾಂಗ್ ಎಂದರೆ ಅಡ್ರಿನಲ್ ಎಂದು ಸಮೀಕರಣ ಬರೆಯಲು ಇಷ್ಟು ಸಾಲದು.

ಇಂಥ ಅವಸರದ ಸಮೀಕರಣಕ್ಕೆ ಒಂದು ಪ್ರಸಿದ್ಧ ಉದಾಹರಣೆಯೂ ಇದೆ. ಸಾಂಗ್ ಕಾಲದ ವೈದ್ಯರು ಬಹಳಷ್ಟು ಮೂತ್ರವನ್ನು ಬತ್ತಿಸಿ 'ಚಿಯುಷಿ' ಎಂಬ ಬಿಳಿಯ ಹರಳು ತೆಗೆದು ಕೊಡುತ್ತಿದ್ದರು. ಅದು ಲೈಂಗಿಕ ಹಾರ್ಮೋನೇ ಎಂದು 1963ರಲ್ಲಿ ಚೀನೀ ವಿಜ್ಞಾನದ ಇತಿಹಾಸಕಾರರಾದ ಲು ಗ್ವೆಜೆನ್ ಮತ್ತು ಜೋಸೆಫ್ ನೀಡಮ್ ವಾದಿಸಿದರು. ನೊರೆಕಾಯಿಯ ರಸದಿಂದ ಅದನ್ನು ಬೇರ್ಪಡಿಸುತ್ತಿದ್ದ ಒಂದು ವಿಧಾನ ಇಪ್ಪತ್ತನೆಯ ಶತಮಾನದ ರಸಾಯನ ವಿಧಾನವನ್ನು ಹೋಲುತ್ತಿತ್ತು ಎಂಬುದು ಅವರ ಆಧಾರ. 1980ರ ದಶಕದಲ್ಲಿ ತೈವಾನ್ ಮತ್ತು ಚೀನಾದ ಸಂಶೋಧಕರು ಹಳೆಯ ವಿಧಾನದಂತೆಯೇ ಅದನ್ನು ತಯಾರಿಸಿ ನೋಡಿದಾಗ ಸಿಕ್ಕಿದ್ದು ಮುಖ್ಯವಾಗಿ ಲವಣಗಳು.

ಸೂಜಿ ಚಿಕಿತ್ಸೆಯನ್ನೂ ಪ್ರಾಮಾಣಿಕವಾಗಿ ಪರೀಕ್ಷಿಸಿದ್ದು ಚೀನಾವೇ. ಅಂಡಾಶಯದ ಹಾರ್ಮೋನ್ ಏರುಪೇರಾಗುವ ಪಿಸಿಓಎಸ್ ಇದ್ದು ಬಂಜೆತನದಿಂದ ನೊಂದ 1000 ಚೀನೀ ಮಹಿಳೆಯರ ಮೇಲೆ ನಡೆದ ದೊಡ್ಡ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅಂಡ ಬಿಡುಗಡೆಗೆ ಕೊಡುವ ಕ್ಲೋಮಿಫೀನ್ ಮಾತ್ರೆಯ ಜೊತೆ ನಿಜವಾದ ಸೂಜಿ ಪಡೆದವರಲ್ಲಿ ಶೇ. 29.4ರಷ್ಟು ಮಂದಿಗೆ ಮಗುವಾಯಿತು. ಮಾತ್ರೆಯ ಜೊತೆ ತೋರಿಕೆಯ ಸೂಜಿ ಪಡೆದವರಲ್ಲಿ ಶೇ. 28.0. ಮಾತ್ರೆಯಿಲ್ಲದೆ ನಿಜವಾದ ಸೂಜಿಗೆ ಶೇ. 13.9, ತೋರಿಕೆಯದಕ್ಕೆ ಶೇ. 16.8. ಫಲ ಕೊಟ್ಟದ್ದು ಮಾತ್ರೆ.

ಮೂಲಿಕೆಯೆಂದು ಮಾರುವ ಪೊಟ್ಟಣದಲ್ಲಿ ಮೂಲಿಕೆಯಷ್ಟೇ ಇರುತ್ತದೆಂಬ ಭರವಸೆಯೂ ಇಲ್ಲ. 2008ರ ಮೊದಲ ಐದು ತಿಂಗಳಲ್ಲಿ ಸಿಂಗಪುರದ ಆಸ್ಪತ್ರೆಗಳಿಗೆ ಸಕ್ಕರೆ ಕಾಯಿಲೆಯೇ ಇಲ್ಲದ ಸುಮಾರು 150 ಮಂದಿ ರಕ್ತದ ಸಕ್ಕರೆ ಕುಸಿದು ಬಂದರು. ಗಂಡಸುತನದ ಗುಳಿಗೆಗಳಿಗೆ ಸಕ್ಕರೆ ಇಳಿಸುವ ಗ್ಲಿಬೆನ್‌ಕ್ಲಮೈಡ್ ಬೆರೆತಿತ್ತು. ನಾಲ್ವರು ಸತ್ತರು.

ಕಲಬೆರಕೆಯಿಲ್ಲದ ಮೂಲಿಕೆಯೇ ಹಾರ್ಮೋನಿನ ಮೇಲೆ ನೇರವಾಗಿ ಕೈಯಿಡುವುದೂ ಉಂಟು. ಚೀನೀ ಕಷಾಯಗಳಲ್ಲಿ ಬಹುಪಾಲಿಗೆ ಬೀಳುವ ಗಾನ್‌ಸಾವೊ ನಮ್ಮ ಜ್ಯೇಷ್ಠಮಧುವಿನ ಜಾತಿಯದೇ. ಬೇರೆಲ್ಲ ಮದ್ದುಗಳನ್ನು ಹೊಂದಿಸುವ ಸೌಮ್ಯ ಬೇರು ಎಂದು ಅದಕ್ಕೆ ಹೆಸರು. 1940ರ ದಶಕದಲ್ಲಿ ಡಚ್ ವೈದ್ಯ ರೆವರ್ಸ್ ಜಠರದ ಹುಣ್ಣಿಗೆ ಇದರ ಸಾರ ಕೊಟ್ಟಾಗ ಹುಣ್ಣು ಮಾಗಿತು, ಕೆಲವರ ಮುಖ ಮತ್ತು ಕಾಲು ಬಾತವು. ಬೇರಿನ ಗ್ಲಿಸಿರೈಜಿನ್, ಮೂತ್ರಪಿಂಡದಲ್ಲಿ ಕಾರ್ಟಿಸೋಲನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಉಳಿದ ಕಾರ್ಟಿಸೋಲ್ ಅಲ್ಲಿ ಅಲ್ಡೋಸ್ಟೀರೋನ್ ಎಂಬ ಇನ್ನೊಂದು ಹಾರ್ಮೋನಿನ ಕೆಲಸ ಮಾಡತೊಡಗುತ್ತದೆ. ಉಪ್ಪು ಮತ್ತು ನೀರು ಮೈಯಲ್ಲಿ ನಿಲ್ಲುತ್ತವೆ, ಪೊಟ್ಯಾಸಿಯಂ ಹೊರಹೋಗುತ್ತದೆ, ರಕ್ತದೊತ್ತಡ ಏರುತ್ತದೆ. ತಿಂಗಳುಗಟ್ಟಲೆ ಕಷಾಯ ಕುಡಿದು ಸ್ನಾಯು ಸೋತು ಬರುವ ರೋಗಿಯ ರಕ್ತದಲ್ಲಿ ಮೊದಲು ನೋಡಬೇಕಾದದ್ದು ಪೊಟ್ಯಾಸಿಯಮ್ಮನ್ನೇ. ಬೇರು ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಅದು ಸರಿಹೋಗುತ್ತದೆ. ಅಡ್ರಿನಲ್ ಸೋತ ಆಡಿಸನ್ ಕಾಯಿಲೆಯವರಿಗೆ ಇದೇ ಬೇರಿನಿಂದ ಉಪಕಾರವಾಗಬಹುದೆಂದು ಡಚ್ ವೈದ್ಯರು 1950ರ ಸುಮಾರಿಗೆ ಕೊಟ್ಟು ನೋಡಿದರು. ಗ್ರಂಥಿಯಲ್ಲಿ ಒಂದಿಷ್ಟು ಶಕ್ತಿ ಉಳಿದವರಿಗೆ ಗುಣ ಕಂಡಿತು. ಪೂರ್ತಿ ಬತ್ತಿದವರಿಗೆ ಕಾರ್ಟಿಸೋನ್ ಎಂಬ ಅಡ್ರಿನಲ್ ಹಾರ್ಮೋನನ್ನು ಜೊತೆಗೆ ಕೊಟ್ಟಾಗ ಮಾತ್ರ ಬೇರು ಕೆಲಸ ಮಾಡಿತು, ಏಕೆಂದರೆ ಅದು ಇರುವ ಹಾರ್ಮೋನನ್ನು ಕಾಯುತ್ತದೆಯೇ ಹೊರತು ಇಲ್ಲದ್ದನ್ನು ಹುಟ್ಟಿಸುವುದಿಲ್ಲ.